ಎಣಿಸದ ಮೀನು

ಶಹಾಪುರದ ಸಂತೆಯಲ್ಲಿ ಒಣ ಮೀನು ಮಾರುವ ಹೆಂಗಸೊಬ್ಬಳು ತರಕಾರಿ ಸಾಲು ಮುಗಿದ ಮೇಲೆ, ಹತ್ತು ಮಾರು ದೂರದಲ್ಲಿ ಕೂತಿದ್ದಳು. ಗೋಣಿತಟ್ಟಿನ ಮೇಲೆ ಸಣ್ಣ ಸಣ್ಣ ಗುಂಪಿ ಮಾಡಿ ಇಟ್ಟಿದ್ದಳು. ಯಾವ ಗುಂಪಿ ತಗೊಂಡರೂ ಒಂದೇ ದರ. ಎರಡರಲ್ಲಿ ಯಾವುದು ದೊಡ್ಡದು ಎಂದು ನೋಡಲು ನಾನು ಬಗ್ಗಿ, ಬೆರಳು ಮಾಡಿ, ಮನಸ್ಸಿನಲ್ಲೇ ಎಣಿಸತೊಡಗಿದೆ. ಅವಳು ನಕ್ಕುಬಿಟ್ಟಳು. ‘ಎಣಸ್ಲಾಕ ಇದೇನ್ ರೊಕ್ಕ ಅದೇನ್ರಿ ಸರ? ಮೀನ ಯಾರ್ ಎಣಸ್ತಾರ?’

ನಾನೂ ನಕ್ಕೆ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. ‘ಸರ, ಇದಕ್ಕ ಭೂತಾಯಿ ಅಂತಾರ್ರಿ. ಮಂಗಳೂರಾಗ ಎಣಿಸೇ ಕೊಡ್ತಾರ. ನೂರ್ ರೂಪಾಯಿಗಿ ಇಷ್ಟ್ ಅಂತ.’ ತಿರುಗಿ ನೋಡಿದರೆ ನಮ್ಮ ಶಾಲೆಯ ಹುಡುಗಿ. ಅಮ್ಮನ ಸೆರಗು ಹಿಡಿದು ನಿಂತಿದ್ದಳು. ದೀಪಾವಳಿ ಮುಗಿದ ಮೇಲೆ ಮನೆಯವರೊಂದಿಗೆ ಹೋದವಳು ನಾಲ್ಕು ತಿಂಗಳು ಶಾಲೆಗೆ ಬಂದಿರಲಿಲ್ಲ. ಅವಳು ಮಂಗಳೂರಿಗೆ ಹೋಗಿದ್ದಳು ಎಂಬುದು ನನಗೆ ಗೊತ್ತಾದದ್ದು ಆ ಸಂತೆಯಲ್ಲಿ, ಮೀನಿನ ಹೆಸರಿನಿಂದ.

ಗೊತ್ತಿರಬೇಕಿತ್ತು. ಹಾಜರಿ ಪುಸ್ತಕ ಬರೆಯುವವನು ನಾನೇ. ಆ ವರ್ಷ ನನ್ನ ತರಗತಿಯಿಂದ ಹನ್ನೊಂದು ಮಕ್ಕಳು ತಂದೆತಾಯಿಗಳ ಜೊತೆ ದುಡಿಯಲು ಹೋದ ಊರುಗಳಿಗೆ ಹೋಗಿದ್ದರು. ನಾನು ಹನ್ನೊಂದು ಹೆಸರುಗಳಿಗೆ ಸೇರಿಸಿ ಒಂದೇ ಉದ್ದನೆಯ ಕಂಸ ಎಳೆದು, ಅದರ ಪಕ್ಕದಲ್ಲಿ ಒಂದೇ ಪದ ಬರೆದಿದ್ದೆ: ‘ವಲಸೆ’. ಆ ಪದ ಸುಳ್ಳಲ್ಲ. ಬರೆಯುವಾಗ ತಪ್ಪು ಮಾಡುತ್ತಿದ್ದೇನೆ ಎಂದೂ ಅನ್ನಿಸಿರಲಿಲ್ಲ. ಅವತ್ತು ಮೀನಿನ ಪೊಟ್ಟಣ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆಯುವಾಗ ಮಾತ್ರ ಆ ಹೆಂಗಸಿನ ಪ್ರಶ್ನೆ ಬೇರೆ ಥರ ಕೇಳಿಸಿತು. ಒಟ್ಟಿಗೆ, ರಾಶಿಯಾಗಿ ಸಿಗುವುದನ್ನು ನಾವು ಯಾಕೆ ಎಣಿಸುವುದಿಲ್ಲ? ಹೆಚ್ಚು ಇದೆ ಎಂಬ ಕಾರಣಕ್ಕೆ ಒಂದೊಂದರ ಬೆಲೆ ನಿಜವಾಗಿಯೂ ಕಡಿಮೆಯಾಗುತ್ತದೆಯೇ, ಅಥವಾ ನಮ್ಮ ಕಣ್ಣು ಮಾತ್ರ ಸೋಮಾರಿಯಾಗುತ್ತದೆಯೇ?

ಮೊದಲು ಮೀನಿನ ಮಾತು. ಭೂತಾಯಿ ನಮ್ಮ ಕಡೆಯ ಮೀನಲ್ಲ. ಯಾದಗಿರಿಯಿಂದ ಮಂಗಳೂರಿನ ಕಡಲು ರಸ್ತೆಯಲ್ಲಿ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಎರಡು ನದಿಗಳಾದ ಕೃಷ್ಣಾ ಮತ್ತು ಭೀಮಾ ಹುಟ್ಟುವುದು ಅದೇ ಪಶ್ಚಿಮದ ಕಡಲಿಗೆ ಹತ್ತಿರದ ಘಟ್ಟಗಳಲ್ಲಿ, ಮಹಾಬಳೇಶ್ವರ ಮತ್ತು ಭೀಮಾಶಂಕರದಲ್ಲಿ. ಆದರೆ ಅವು ಆ ಕಡಲಿಗೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹರಿಯುತ್ತವೆ. ನೀರು ಪೂರ್ವಕ್ಕೆ ಹೋದರೆ ಸುರಪುರ, ಶಹಾಪುರದ ಹಳ್ಳಿಗಳ ಎಷ್ಟೋ ಜನ ಸುಗ್ಗಿ ಮುಗಿಯುತ್ತಲೇ ಪಶ್ಚಿಮಕ್ಕೂ ದಕ್ಷಿಣಕ್ಕೂ ಹೋಗುತ್ತಾರೆ: ಮುಂಬೈ, ಪುಣೆ, ಗೋವಾ, ಬೆಂಗಳೂರು, ಮಂಗಳೂರು. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನ ಕಾಲುವೆಗಳು ಈ ಸೀಮೆಯ ಒಂದು ಭಾಗಕ್ಕೆ ಭತ್ತ ತಂದವು. ಕಾಲುವೆ ತಲುಪದ ಹೊಲದವರಿಗೆ, ಹೊಲವೇ ಇಲ್ಲದವರಿಗೆ ಬಸ್ಸೇ ಕಾಲುವೆ.

ಮಂಗಳೂರಿಗೆ ಹೋದವರು ಮೊದಲ ವಾರದಲ್ಲಿ ಕಲಿಯುವ ಹೆಸರುಗಳಲ್ಲಿ ಒಂದು ಭೂತಾಯಿ. ಅಗ್ಗದ ಮೀನು ಅದು. ತುಳುವಿನಲ್ಲಿ ಬೂತಾಯಿ, ಕಾರವಾರದ ಕಡೆ ತಾರ್ಲೆ, ಕೇರಳದಲ್ಲಿ ಮತ್ತಿ. ನಮ್ಮವರ ಕಿವಿಗೆ ಅದು ‘ಭೂಮಿತಾಯಿ’ ಎಂದೇ ಕೇಳುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಪೂಜೆ ಮಾಡುವುದು ಆ ತಾಯಿಗೆ. ಹುಡುಗಿಯ ಅಮ್ಮ ಸಂತೆಯಲ್ಲಿ ಅದನ್ನೇ ಹೇಳಿ ನಕ್ಕಳು: ‘ಮೊದಲ್ ಕೇಳ್ದಾಗ ಹೆದ್ರಿದ್ನಿರಿ. ಭೂತಾಯಿನ್ನೂ ತಿಂತಾರೇನ್ ಈ ಮಂದಿ ಅಂದೆ.’

ವಿಜ್ಞಾನಿಗಳು ಇದನ್ನು ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎನ್ನುತ್ತಾರೆ. ಆ ಹೆಸರು ಕೊಟ್ಟದ್ದು 1847ರಲ್ಲಿ ಫ್ರಾನ್ಸಿನ ವಲಾಂಸಿಯೆನ್. ಗೇಣುದ್ದವೂ ಇಲ್ಲದ, ಬೆಳ್ಳಿ ಬಣ್ಣದ, ಎಣ್ಣೆ ತುಂಬಿದ ಮೀನು. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯ ಆಳದ ತಣ್ಣೀರು ಮೇಲೆದ್ದು ಬರುತ್ತದೆ, ಅದರ ಸತ್ವದಿಂದ ಕಣ್ಣಿಗೆ ಕಾಣದ ಸಸ್ಯಗಳು ಕೋಟಿಗಟ್ಟಲೆ ಬೆಳೆಯುತ್ತವೆ, ಭೂತಾಯಿ ಅವನ್ನು ಕಿವಿರಿನ ಸಣ್ಣ ಎಳೆಗಳಲ್ಲಿ ಸೋಸಿ ತಿನ್ನುತ್ತದೆ. ಒಂದು ವರ್ಷದೊಳಗೆ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಆಯುಷ್ಯ ಎರಡು, ಎರಡೂವರೆ ವರ್ಷ. ಆ ಆಯುಷ್ಯವನ್ನು ಅದು ಗುಂಪಿನಲ್ಲೇ ಕಳೆಯುತ್ತದೆ.

ಆ ಗುಂಪಿಗೆ ಮುಂದಾಳು ಇಲ್ಲ. ಪ್ರತಿ ಮೀನೂ ಪಕ್ಕದ ಮೀನನ್ನು ಕಣ್ಣಿನಿಂದ, ನೀರಿನ ಒತ್ತಡದಿಂದ ಅರಿತು ತಿರುಗುತ್ತದೆ. ಸಾವಿರಾರು ಮೀನು ಒಂದೇ ಮೈಯಂತೆ ಹೊರಳುತ್ತವೆ. ಬೇಟೆಗೆ ಬಂದ ದೊಡ್ಡ ಮೀನಿಗೆ ಯಾವ ಒಂದನ್ನೂ ಬೇರೆಯಾಗಿ ಗುರುತಿಸಿ ಹಿಡಿಯುವುದು ಕಷ್ಟ. ಅಂದರೆ ಸಣ್ಣ ಮೀನಿಗೆ ಗುರುತಿಲ್ಲದಿರುವುದೇ ರಕ್ಷಣೆ. ಆದರೆ ಅದೇ ಗುಂಪನ್ನು ಸುತ್ತುಬಲೆ ಒಂದೇ ಬಾರಿಗೆ ಬಳಸಿ, ಕೆಳಗಿನಿಂದ ಚೀಲದ ಬಾಯಿ ಕಟ್ಟಿದಂತೆ ಹಗ್ಗ ಎಳೆದು ಎತ್ತುತ್ತದೆ. ದೊಡ್ಡ ಮೀನಿನಿಂದ ಉಳಿಸಿದ ಉಪಾಯವೇ ಬಲೆಗೆ ಅನುಕೂಲವಾಯಿತು. ಒಗ್ಗಟ್ಟಿನಲ್ಲಿ ಬಲವಿದೆ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಪಾಠ ಸರಿಯೇ. ಆದರೆ ಒಟ್ಟಾಗಿದ್ದವರನ್ನು ಒಟ್ಟಾಗಿ ಹಿಡಿಯುವುದು ಸುಲಭ ಎಂಬುದನ್ನೂ ಹೇಳದಿದ್ದರೆ ಪಾಠ ಅರ್ಧವಾಗುತ್ತದೆ.

ರಾಶಿಯಾಗಿ ಸಿಕ್ಕ ಈ ಮೀನನ್ನು ಮನುಷ್ಯರು ಹೇಗೆ ಬಳಸಿದರು ನೋಡಿ. ಒಂದು ಕಾಲದಲ್ಲಿ ತಿಂದು ಉಳಿದದ್ದು ತೆಂಗಿನ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ಅದರ ಎಣ್ಣೆಯನ್ನು ದೋಣಿಗಳ ಮರಕ್ಕೆ ಬಳಿಯುತ್ತಿದ್ದರು. ಈಗ ಕರಾವಳಿಯ ಕಾರ್ಖಾನೆಗಳಲ್ಲಿ ಅದನ್ನು ಬೇಯಿಸಿ, ಹಿಂಡಿ, ಒಣಗಿಸಿ ಹಿಟ್ಟು ಮಾಡುತ್ತಾರೆ. ಒಂದು ಕಿಲೋ ಹಿಟ್ಟಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಹಿಟ್ಟು ಸಾಕಿದ ಸೀಗಡಿಗೆ, ಸಾಕಿದ ಮೀನಿಗೆ, ಕೋಳಿಗೆ ಮೇವು. ಗೊಬ್ಬರ, ಎಣ್ಣೆ, ಮೇವು: ಮೂರರಲ್ಲೂ ಒಂದೇ ತರ್ಕ. ಬೇಕಾದಷ್ಟಿದೆ, ಹಾಗಾಗಿ ಏನು ಮಾಡಿದರೂ ನಡೆಯುತ್ತದೆ.

ಬೇಕಾದಷ್ಟಿದೆ ಎಂಬ ಮಾತು ಯಾವಾಗಲೂ ನಿಜವಾಗಿರಲಿಲ್ಲ. 1940ರ ದಶಕದಲ್ಲಿಯೇ ಭೂತಾಯಿ ಎಷ್ಟು ಕಡಿಮೆಯಾಗಿತ್ತೆಂದರೆ 1943ರಲ್ಲಿ ಮದ್ರಾಸ್ ಸರ್ಕಾರ ಅದನ್ನು ಹಿಡಿಯುವ ಕೆಲವು ಬಲೆಗಳಿಗೆ ನಿರ್ಬಂಧ ಹಾಕಿತು. ಮತ್ತೆ ಹೆಚ್ಚಿತು, ಮತ್ತೆ ಮರೆತರು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದ ಪ್ರಕಾರ 2012ರಲ್ಲಿ ಕೇರಳ ಒಂದರಲ್ಲೇ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ನೂರು ಬುಟ್ಟಿ ಬರುತ್ತಿದ್ದ ಜಾಗಕ್ಕೆ ಒಂದು ಬುಟ್ಟಿಯೂ ಬರಲಿಲ್ಲ. ಕಡಲು ಬಿಸಿಯಾದದ್ದು, ಎಲ್ ನಿನೊ, ಮರಿಗಳನ್ನೂ ಬಿಡದೆ ಹಿಡಿದದ್ದು ಎಂದು ವಿಜ್ಞಾನಿಗಳು ಹಲವು ಕಾರಣ ಕೊಡುತ್ತಾರೆ. 2015ರಲ್ಲಿ ಕೇರಳ ಸರ್ಕಾರ ಇಷ್ಟು ಉದ್ದಕ್ಕಿಂತ ಸಣ್ಣ ಮೀನು ಹಿಡಿಯಬಾರದು ಎಂಬ ನಿಯಮ ತಂದಾಗ ಭೂತಾಯಿಗೆ ಹಾಕಿದ ಗೆರೆ 10 ಸೆಂಟಿಮೀಟರ್. ಅಂದರೆ ಟನ್ನುಗಳಲ್ಲಿ ತೂಗುತ್ತಿದ್ದ ಮೀನಿನ ಮುಂದೆ ಕೊನೆಗೂ ಅಳತೆಪಟ್ಟಿ ಹಿಡಿಯಬೇಕಾಯಿತು. ಆ ನಿಯಮದ ದೃಷ್ಟಿಯಲ್ಲಿ ಒಂದೊಂದು ಮೀನಿಗೂ ಒಂದೊಂದು ಉದ್ದವಿದೆ.

ಇಲ್ಲಿ ಹುಡುಗಿಯ ಮಾತು ನೆನಪಾಗುತ್ತದೆ. ಮಂಗಳೂರಿನಲ್ಲಿ ಮೀನು ಮಾರುವ ಹೆಂಗಸರು ಭೂತಾಯಿಯನ್ನು ಎಣಿಸಿ ಕೊಡುತ್ತಾರೆ. ಮೀನು ಹೆಚ್ಚು ಬಂದ ದಿನ ನೂರು ರೂಪಾಯಿಗೆ ಹೆಚ್ಚು, ಕಡಿಮೆ ಬಂದ ದಿನ ಕಡಿಮೆ. ಕೊರತೆ ಬಿದ್ದಷ್ಟೂ ಎಣಿಕೆ ಬಿಗಿಯಾಗುತ್ತದೆ. ಇದು ಹಳೆಯ ಒಗಟು. ಆಡಂ ಸ್ಮಿತ್ 1776ರಲ್ಲೇ ಕೇಳಿದ್ದ: ನೀರಿಲ್ಲದೆ ಬದುಕಿಲ್ಲ, ಆದರೂ ನೀರು ಅಗ್ಗ, ವಜ್ರದಿಂದ ಉಪಯೋಗ ಅಷ್ಟರಲ್ಲೇ ಇದೆ, ಆದರೂ ಅದು ದುಬಾರಿ. ಮಾರುಕಟ್ಟೆಯ ಮಟ್ಟಿಗೆ ಇದಕ್ಕೆ ಉತ್ತರವಿದೆ. ಬೆಲೆ ನಿಂತಿರುವುದು ಕೊರತೆಯ ಮೇಲೆ. ನನ್ನ ಕಷ್ಟ ಬೇರೆ. ಬೆಲೆ ಕೊರತೆಗೆ ಕಾಯುತ್ತದೆ, ಸರಿ. ಗೌರವವೂ ಕಾಯಬೇಕೆ? ಕಡಿಮೆಯಾದ ಮೇಲೆ ಎಣಿಸುವುದು ವ್ಯಾಪಾರ. ಹೆಚ್ಚಿರುವಾಗಲೂ ಎಣಿಸುವುದಕ್ಕೆ ಏನೆನ್ನಬೇಕು?

ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಬರೆದ ಪುಸ್ತಕದಲ್ಲಿ ಒಂದು ವ್ಯತ್ಯಾಸ ಹೇಳುತ್ತಾನೆ. ಯಾವುದರ ಜಾಗಕ್ಕೆ ಅದಕ್ಕೆ ಸಮನಾದ ಇನ್ನೊಂದನ್ನು ತಂದಿಡಬಹುದೋ ಅದಕ್ಕೆ ಬೆಲೆಯಿದೆ. ಯಾವುದರ ಜಾಗಕ್ಕೆ ಇನ್ನೊಂದು ಬರಲಾರದೋ ಅದಕ್ಕೆ ಘನತೆಯಿದೆ. ಈ ಮಾತು ಹಿಡಿದು ಮಂಗಳೂರಿನ ಬೆಳಗನ್ನು ನೋಡಿ. ಕೂಲಿಯವರು ರಸ್ತೆ ಬದಿಯಲ್ಲಿ ಸೇರಿದಲ್ಲಿಗೆ ಟೆಂಪೊ ಬಂದು ನಿಲ್ಲುತ್ತದೆ. ‘ಆರು ಆಳು ಬೇಕು’ ಎನ್ನುತ್ತಾರೆ. ಯಾವ ಆರು ಎಂಬ ಪ್ರಶ್ನೆಯಿಲ್ಲ. ಅಲ್ಲಿ ಲೆಕ್ಕ ಪಕ್ಕಾ ಇದೆ, ಆರು ಎಂದರೆ ಆರೇ. ಆದರೂ ಅದು ಎಣಿಕೆಯಲ್ಲ, ತೂಕ. ಒಬ್ಬನ ಬದಲು ಇನ್ನೊಬ್ಬ ಹತ್ತಿದರೆ ಟೆಂಪೊದವನಿಗೆ ವ್ಯತ್ಯಾಸವಿಲ್ಲ. ಅವನನ್ನು ಮಾತ್ರ ದೂರುವುದು ಸುಲಭ. ನನ್ನ ಕಂಸವೂ ಹಾಗೆಯೇ ಇತ್ತು. ಹನ್ನೊಂದು ಎಂದು ಲೆಕ್ಕ ಸರಿಯಿತ್ತು. ಹನ್ನೊಂದರಲ್ಲಿ ಒಬ್ಬರ ಬದಲು ಇನ್ನೊಬ್ಬರಿದ್ದರೂ ನನ್ನ ಪುಟದಲ್ಲಿ ಏನೂ ಬದಲಾಗುತ್ತಿರಲಿಲ್ಲ.

ಇಲ್ಲಿ ಇಬ್ಬರು ಆಕ್ಷೇಪ ಎತ್ತಬಹುದು. ಮೊದಲನೆಯವರು ಹೇಳುತ್ತಾರೆ: ಮನುಷ್ಯರನ್ನು ಮೀನಿಗೆ ಹೋಲಿಸುವುದೇ ಅವಮಾನ. ನಿಜ, ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಸಂತೆಯಿಂದ ತಂದ ಮೀನನ್ನು ಅವತ್ತು ರಾತ್ರಿ ಹುರಿದು ಜೋಳದ ರೊಟ್ಟಿಯ ಜೊತೆ ತಿಂದೆ. ಪಶ್ಚಾತ್ತಾಪವೇನೂ ಇಲ್ಲ. ಕಾಂಟ್‌ನ ಪ್ರಕಾರ ಘನತೆ ಇರುವುದು ವಿವೇಕವುಳ್ಳ ಜೀವಿಗೆ ಮಾತ್ರ, ಮೀನು ಆ ಬೇಲಿಯ ಹೊರಗೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಪ್ಪು ಏಕೆಂದರೆ ಅದು ಮನುಷ್ಯರ ಬಗ್ಗೆಯೂ ನಮ್ಮ ಮನಸ್ಸನ್ನು ಒರಟು ಮಾಡುತ್ತದೆ ಎಂಬುದು ಅವನ ವಾದ. ನನಗೆ ಇದು ಅರ್ಧ ಸರಿ ಎನ್ನಿಸುತ್ತದೆ. ಬಲೆಯಿಂದ ತಪ್ಪಿಸಿಕೊಳ್ಳಲು ಒದ್ದಾಡುವ ಮೀನಿಗೆ ತನ್ನದೇ ಆದ ಒಂದು ಪಾಲು ಇದೆ, ಅದು ನಮ್ಮ ಮನಸ್ಸಿನ ತರಬೇತಿಗಾಗಿ ಇರುವ ಸಾಮಾನಲ್ಲ. ಆದರೆ ಅವನ ಇನ್ನರ್ಧ ಸರಿಯಿದೆ: ಕಣ್ಣಿನ ಅಭ್ಯಾಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆ. ರಾಶಿಯನ್ನು ನೋಡಿ ‘ಎಣಸ್ಲಾಕ ಏನದ’ ಎನ್ನುವ ಕಣ್ಣು ಶಾಲೆಯ ಬಾಗಿಲಲ್ಲಿ ಬದಲಾಗುವುದಿಲ್ಲ.

ಎರಡನೆಯವರ ಆಕ್ಷೇಪ ಇನ್ನೂ ಗಟ್ಟಿ. ಎಣಿಕೆಯೇ ಮನುಷ್ಯನನ್ನು ಅಂಕಿ ಮಾಡುವುದಲ್ಲವೇ, ಎಣಿಸಿದರೆ ಗೌರವ ಹೇಗೆ ಬಂತು ಎಂದು ಅವರು ಕೇಳುತ್ತಾರೆ. ಇದಕ್ಕೆ ನಮ್ಮ ಜಿಲ್ಲೆಯೇ ಒಂದು ಉದಾಹರಣೆ ಕೊಟ್ಟಿದೆ. 2021ರ ಡಿಸೆಂಬರಿನಲ್ಲಿ ಯಾದಗಿರಿ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾಯಿತು. ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಿದೆ ಎಂಬುದು ಕಾರಣ. ಕೆಲವರು ವಿರೋಧಿಸಿದರು, ಮೊಟ್ಟೆ ಬೇಡದವರಿಗೆ ಬಾಳೆಹಣ್ಣು ಎಂದಾಯಿತು. ಆಗ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳನ್ನೂ ಪಡೆಯದ ಗದಗಿನ ಮಕ್ಕಳನ್ನೂ ಹೋಲಿಸಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಅಧ್ಯಯನದ ಫಲ ಕೊನೆಗೆ ಸರಾಸರಿಯೇ. ಆದರೆ ಆ ಸರಾಸರಿಗೆ ತಲುಪಲು ಒಬ್ಬೊಬ್ಬ ಮಗುವನ್ನೂ ತಕ್ಕಡಿಯ ಮೇಲೆ ನಿಲ್ಲಿಸಬೇಕು. ಹನ್ನೊಂದು ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿ ತೂಗಿದರೆ ಯಾವ ಮಗು ಸೊರಗಿದೆ ಎಂದು ತಿಳಿಯುವುದಿಲ್ಲ. ಅಂಕಿ ಕೆಟ್ಟದ್ದಲ್ಲ. ಒಬ್ಬೊಬ್ಬರ ಬಳಿ ಹೋಗಿ ಬಂದ ಅಂಕಿ ಬೇರೆ, ದೂರದಿಂದ ಕೈ ಬೀಸಿ ಹೇಳಿದ ಅಂಕಿ ಬೇರೆ.

ಆ ಮೊಟ್ಟೆಯ ಹಿಂದೆ ಹೋದರೆ ಮತ್ತೆ ಕಡಲಿಗೇ ಬರಬಹುದು. ಕೋಳಿಯ ಮೇವಿನಲ್ಲಿ ಮೀನಿನ ಹಿಟ್ಟು ಸೇರುವುದುಂಟು. ಮಗು ನೇರವಾಗಿ ತಿನ್ನಬಹುದಾಗಿದ್ದ ಮೀನು ಹಿಟ್ಟಾಗಿ, ಕೋಳಿಯಾಗಿ, ಮೊಟ್ಟೆಯಾಗಿ ತಟ್ಟೆಗೆ ಬಂದರೆ ನಡುವೆ ಎಷ್ಟೋ ಕರಗಿಹೋಗಿರುತ್ತದೆ. ಕಡಲಿನಿಂದ ಇಷ್ಟು ದೂರದ ಊರಿಗೆ ಹಸಿ ಮೀನಿಗಿಂತ ಮೊಟ್ಟೆ ತಲುಪಿಸುವುದೇ ಸುಲಭ, ಅದನ್ನು ನಾನು ಬಲ್ಲೆ. ಆದರೆ ಅದೇ ಹಿಟ್ಟು ತಿಂದ ಸೀಗಡಿ ಹಡಗು ಹತ್ತಿ ಪರದೇಶಕ್ಕೆ ಹೋಗುವಾಗ, ಬಡವರ ಮೀನು ಎಂದು ಕರೆಸಿಕೊಂಡದ್ದನ್ನು ಬಡವರ ತಟ್ಟೆಯಿಂದ ಯಾರು ಎತ್ತಿದರು ಎಂದು ಕೇಳುವವರು ಕಡಿಮೆ. ರಾಶಿಯಲ್ಲಿ ಇದ್ದದ್ದು ಎಲ್ಲಿಗೆ ಹೋಯಿತೆಂದು ಲೆಕ್ಕ ಇಡುವ ಅಭ್ಯಾಸ ನಮಗಿಲ್ಲ.

ರಾಶಿ ಎಂಬುದೇ ಕೆಟ್ಟದ್ದು ಎಂದು ನಾನು ಹೇಳಲಾರೆ. ನಾನು ಒಕ್ಕಲುತನದ ಮನೆಯವನು. ಕಣದಲ್ಲಿ ಜೋಳದ ರಾಶಿಗೆ ಪೂಜೆ ಮಾಡಿ ಅಳೆಯುವಾಗ ಅಜ್ಜ ಮೊದಲ ಅಳತೆಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದ. ಬಡಿಗ, ಕಮ್ಮಾರ, ಕುಂಬಾರ, ಅಗಸ ಎಂದು ಒಬ್ಬೊಬ್ಬರಿಗೂ ರಾಶಿಯಿಂದ ಆಯ ಹೋಗುತ್ತಿತ್ತು. ಕರಾವಳಿಯಲ್ಲಿಯೂ 1970ರ ದಶಕದಲ್ಲಿ ಸುತ್ತುಬಲೆಯ ಯಂತ್ರದೋಣಿಗಳು ಬರುವ ಮೊದಲು ರಂಪಣಿ ಬಲೆ ಇತ್ತು. ಹತ್ತಾರು ಜನ ದಡದಿಂದ ಹಗ್ಗ ಜಗ್ಗುತ್ತಿದ್ದರು, ಜಗ್ಗಿದವರಿಗೆಲ್ಲ ಪಾಲು ಇರುತ್ತಿತ್ತು. ಅದು ಬಂಗಾರದ ಕಾಲವೆಂದು ನಾನು ನಂಬುವುದಿಲ್ಲ. ಕಣದಲ್ಲಿ ಯಾರು ಹತ್ತಿರ ನಿಲ್ಲಬೇಕು, ಯಾರು ದೂರ ನಿಂತು ಉಡಿಯೊಡ್ಡಬೇಕು ಎಂಬುದನ್ನು ಜಾತಿ ಮೊದಲೇ ಹೇಳಿರುತ್ತಿತ್ತು. ಒಣ ಮೀನಿನವಳು ಇಂದಿಗೂ ಸಾಲಿನಿಂದ ಹತ್ತು ಮಾರು ದೂರ ಕೂಡುವುದಕ್ಕೆ ವಾಸನೆಯೊಂದೇ ಕಾರಣವೇ ಎಂದು ಕೇಳಿಕೊಂಡರೆ ಉತ್ತರ ಕಷ್ಟವಲ್ಲ. ಆದರೂ ಅಲ್ಲಿಂದ ಒಂದು ಮಾತು ಉಳಿಸಿಕೊಳ್ಳಬಹುದು. ರಾಶಿ ಎದುರಿಗಿದ್ದಾಗಲೇ, ಯಾರ ಪಾಲು ಯಾವುದು ಎಂದು ಹೆಸರು ಹಿಡಿದು ಕೇಳಬಹುದು. ಕೊರತೆ ಬರುವ ತನಕ ಕಾಯಬೇಕಿಲ್ಲ.

ಗುರುತಿಲ್ಲದಿರುವುದು ಕೆಲವೊಮ್ಮೆ ಸಣ್ಣವರಿಗೆ ರಕ್ಷಣೆ ಎಂದೆ. ಅದನ್ನೂ ಮರೆಯಬಾರದು. ಆ ಹುಡುಗಿಯ ಹೆಸರನ್ನು ಇಲ್ಲಿ ಬರೆಯದಿರುವುದು ಅದಕ್ಕೇ. ಅವಳ ಹೆಸರು ಇರಬೇಕಾದ ಜಾಗ ಈ ಲೇಖನವಲ್ಲ, ನನ್ನ ಹಾಜರಿ ಪುಸ್ತಕ. ಎಲ್ಲರಿಗೂ ಕಾಣುವಂತೆ ತೋರಿಸುವುದು ಬೇರೆ, ಜವಾಬ್ದಾರಿ ಇರುವವನು ತಿಳಿದಿರುವುದು ಬೇರೆ. ಬೇಟೆಗಾರನಿಗೆ ಗುರುತು ಸಿಗದಿರಲಿ. ಮೇಷ್ಟ್ರಿಗೆ ಸಿಗಲೇಬೇಕು.

ಸಂತೆಯ ಮರುದಿನ ಅವಳು ಶಾಲೆಗೆ ಬಂದಳು. ನಾನು ಹಾಜರಿ ಕರೆದು ಪುಸ್ತಕ ಮುಚ್ಚಿದೆ. ಕಂಸದೊಳಗಿನ ಹೆಸರುಗಳನ್ನು ಬಿಟ್ಟು ಓದುವುದು ಅಷ್ಟರಲ್ಲಿ ರೂಢಿಯಾಗಿಬಿಟ್ಟಿತ್ತು. ಅವಳು ಎದ್ದು ನಿಂತು, ಮೀನಿನವಳಷ್ಟೇ ಸಹಜವಾಗಿ, ‘ಸರ, ನನ್ ಹೆಸರ್ ಕರೀಲಿಲ್ರಿ’ ಅಂದಳು. ಹುಡುಗರು ನಕ್ಕರು. ನಾನು ಪುಸ್ತಕ ತೆರೆದು ಕರೆದೆ. ಅವಳು ‘ಹಾಜರ್ ಸರ’ ಎಂದು ಕೂತಳು.

ಅವತ್ತು ಮಧ್ಯಾಹ್ನ ಉಳಿದ ಹತ್ತು ಮಕ್ಕಳ ಮನೆಗಳ ಕಡೆ ಹೋದೆ. ಎರಡು ಮನೆಗೆ ಬೀಗ. ಒಂದರಲ್ಲಿ ಅಜ್ಜಿ ಇದ್ದಳು, ಮೊಮ್ಮಗ ಪುಣೆಯಲ್ಲಿದ್ದಾನೆ, ಮೈ ಸರಿಯಿಲ್ಲ ಎಂದಳು. ಇನ್ನೊಬ್ಬಳಿಗೆ ಬೆಂಗಳೂರಿನಲ್ಲಿ ಶಾಲೆ ಸಿಕ್ಕಿತ್ತು, ಅವಳು ವಾಪಸು ಬರುವುದಿಲ್ಲ. ಇಬ್ಬರು ಅಣ್ಣತಮ್ಮಂದಿರು ಎರಡು ವಾರದ ಹಿಂದೆಯೇ ಊರಿಗೆ ಬಂದಿದ್ದರು, ಕುರಿ ಕಾಯುತ್ತಿದ್ದರು, ಯಾರೂ ಕರೆಯಲಿಲ್ಲವೆಂದು ಬಂದಿರಲಿಲ್ಲ. ಒಂದೇ ಪದದ ಕೆಳಗೆ ಇಷ್ಟು ಬೇರೆ ಬೇರೆ ಸಂಗತಿಗಳಿದ್ದವು. ಅವನ್ನೆಲ್ಲ ಬರೆಯಲು ಪುಸ್ತಕದ ಅಂಚಿನಲ್ಲಿ ಜಾಗ ಸಾಲದೆ ಬೇರೆ ಹಾಳೆ ಅಂಟಿಸಿದೆ. ಆ ಹಾಳೆಯಿಂದ ಯಾರ ಕೂಲಿಯೂ ಹೆಚ್ಚಾಗಲಿಲ್ಲ, ದೀಪಾವಳಿ ಮುಗಿದ ಮೇಲೆ ಬಸ್ಸುಗಳು ಮತ್ತೆ ತುಂಬಿದವು. ಆ ಅಣ್ಣತಮ್ಮಂದಿರು ಮಾತ್ರ ಮರುವಾರ ಶಾಲೆಗೆ ಬಂದರು.